ಏಪ್ರನ್ ಜೇಬಿನ ರೋಟರ್

ಜೂನ್ 4, 1940, ಮಂಗಳವಾರ

ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕಾನ್‌ಸ್ಟೇಬಲ್ ಆಲ್ಡಸ್ ನನ್ನ ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕಿ ನಿಂತಿದ್ದ. ಕಳ್ಳನನ್ನು ಹಿಡಿಯಬೇಕಾದವನೇ ಕಳ್ಳನ ಹಾಗೆ ಕಂಡ. ಸರ್ಕಾರದ ಹೊಸ ಕಾನೂನಂತೆ. ಯಾರೂ ಕೂತಿಲ್ಲದ ಕಾರನ್ನು ಓಡದ ಹಾಗೆ ಮಾಡಿಯೇ ಬಿಟ್ಟು ಹೋಗಬೇಕು. ಪ್ಯಾರಾಚೂಟಿನಲ್ಲಿ ಇಳಿದ ಜರ್ಮನ್ ಸಿಪಾಯಿ ನಮ್ಮದೇ ಕಾರು ಕದ್ದು ಲಂಡನ್ನಿಗೆ ಹೊರಟುಬಿಟ್ಟರೆ ಏನು ಗತಿ? ಬಾಗಿಲಿಗೆ ಬೀಗ ಹಾಕಿದರೆ ಸಾಲದು. ಎಂಜಿನ್ನಿನಿಂದ ರೋಟರ್ ಎಂಬುದನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಹೆಬ್ಬೆರಳಿನಷ್ಟು ದೊಡ್ಡ ಕರಿ ತುಂಡು. ಅದಿಲ್ಲದೆ ಕಿಡಿ ಹತ್ತುವುದಿಲ್ಲ, ಎಂಜಿನ್ ಹೊರಡುವುದಿಲ್ಲ.

"ಈ ಎರಡು ಕ್ಲಿಪ್ ಬಿಚ್ಚಿ, ಮುಚ್ಚಳ ತೆಗೀರಿ, ಇದನ್ನ ಮೇಲಕ್ಕೆ ಎಳ್ಕೊಳ್ಳಿ. ಅಷ್ಟೇ ನರ್ಸಮ್ಮ," ಅಂದ. ಅವನು ಎಳೆದ, ಬರಲಿಲ್ಲ. ನಾನು ಎಳೆದೆ, ಬಂತು. ಎಷ್ಟು ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಹೆರಿಗೆ ಮಾಡಿಸುವವರಿಗೆ ಗೊತ್ತಿರುತ್ತದೆ.

ದಿನಕ್ಕೆ ಹತ್ತು ಹನ್ನೆರಡು ಮನೆ ನನ್ನದು. ಪ್ರತಿ ಮನೆಯ ಮುಂದೆ ಕೀಳುವುದು, ಮತ್ತೆ ಹಾಕುವುದು. ಇರುವ ಸಮಯವೇ ಸಾಲದು. ಈ ಸ್ಯಾಲ್‌ಬರೋ ಹಳ್ಳಿಗೆ ಬಂದು ಹನ್ನೊಂದು ವರ್ಷವಾಯಿತು, ಇದುವರೆಗೆ ಯಾವ ರೋಗಿಯ ಮನೆಯಲ್ಲೂ ಕೂತು ಒಂದು ಲೋಟ ಚಹಾ ಕುಡಿದವಳಲ್ಲ ನಾನು. ಒಂದು ಮನೆಯಲ್ಲಿ ಕೂತರೆ ಎಲ್ಲ ಮನೆಯಲ್ಲೂ ಕೂರಬೇಕಾಗುತ್ತದೆ. ಕೆಲಸ ಮುಗಿಸು, ಕೈ ತೊಳೆ, ಹೊರಡು. ಮಧ್ಯಾಹ್ನದ ಹೊತ್ತಿಗೆ ಸುತ್ತು ಮುಗಿಯುವುದೇ ಹಾಗೆ.

ಜೂನ್ 8

ಕೈಗೆಲ್ಲ ಎಣ್ಣೆ ಮಸಿ. ಹಸುಗೂಸು ಮುಟ್ಟುವ ಕೈ ಇದು. ಪ್ರತಿ ಮನೆಯಲ್ಲೂ ಎರಡೆರಡು ಸಲ ಸೋಪು ಹಚ್ಚಿ ಉಜ್ಜುತ್ತಿದ್ದೇನೆ.

ಜವುಗಿನಲ್ಲಿ ಕಾಲುವೆ ತೋಡುತ್ತಿದ್ದ ಅಮೋಸ್ ಸ್ಮೈ ಎಂಬ ಅಜ್ಜನಿಗೆ ಮೊಣಕಾಲ ಕೆಳಗೆ ಹುಣ್ಣು. ನಾನು ಬಂದಾಗಿನಿಂದ ವಾರಕ್ಕೆ ಮೂರು ಸಲ ಪಟ್ಟಿ ಕಟ್ಟುತ್ತಿದ್ದೇನೆ, ಅದು ಮಾಯುವುದಿಲ್ಲ, ಅವನು ಬಾಯಿ ಮುಚ್ಚುವುದಿಲ್ಲ.

"ಏನವ್ವಾ ನರ್ಸಮ್ಮ, ಒಲೆ ಗುಡಿಸಿ ಬಂದಂಗೈತಲ್ಲ ಕೈ."

"ಜರ್ಮನ್ನರು ನನ್ನ ಕಾರು ಕದೀಬಾರದಂತೆ ಅಜ್ಜ."

"ಕದ್ದು ಎಲ್ಲಿಗೋಯ್ತಾರೆ? ಸೇತುವೆ ಏರಲ್ಲಿ ಅವ್ರೇ ಇಳ್ದು ತಳ್ಬೇಕಾಯ್ತದೆ. ಅಷ್ಟೊತ್ತಿಗೆ ಯುದ್ಧ ಮುಗ್ದಿರ್ತದೆ."

ಅವನ ಮುಂದೆ ನಗಲಿಲ್ಲ. ಕಾರಿಗೆ ಬಂದು ಕೂತ ಮೇಲೆ ನಕ್ಕೆ.

ಜೂನ್ 19, ಬುಧವಾರ

ಕೆಟ್ಟ ದಿನ. ಅಂಚೆ ಕಚೇರಿಯ ಮುಂದೆ ಕಾರು ನಿಲ್ಲಿಸಿ ಒಂದು ಸ್ಟಾಂಪು ತೆಗೆದುಕೊಂಡು ಬರುವಷ್ಟರಲ್ಲಿ ಆಲ್ಡಸ್ ಬಾನೆಟ್ ಎತ್ತಿ ನೋಡಿದ್ದಾನೆ. ರೋಟರ್ ಅಲ್ಲೇ ಇತ್ತು. ಹೆಸರು ಬರೆದುಕೊಂಡ. ಕಾರು ನನಗೆ ಸಂಬಳ ಕೊಡುವ ನರ್ಸಿಂಗ್ ಸಂಘದ್ದು, ಆದ್ದರಿಂದ ದೂರು ನೇರವಾಗಿ ಸಂಘದ ಅಧ್ಯಕ್ಷೆ ಮಿಸೆಸ್ ವೆನಬಲ್ಸ್ ಅವರಿಗೆ ಹೋಯಿತು. ಸಂಜೆ ಕರೆಸಿದರು.

"ನರ್ಸ್ ಹಾಲ್‌ರಾಯ್ಡ್, ಇದು ಮೊದಲನೇ ಸಲ, ಬಿಡ್ತೀನಿ. ಇನ್ನೊಂದು ಸಲ ಹೀಗಾದ್ರೆ ಕಾರನ್ನ ಪಟ್ಟಣದ ಆಂಬುಲೆನ್ಸ್ ದಳಕ್ಕೆ ಕೊಟ್ಬಿಡ್ತೀವಿ. ಅವರಂತೂ ಕೇಳ್ತಾನೇ ಇದ್ದಾರೆ. ನಿಮ್ಮ ಹತ್ರ ಸೈಕಲ್ ಇದೆಯಲ್ಲ."

ಸೈಕಲ್ ಇದೆ, ಮೊಣಕಾಲು ಇಲ್ಲ. ಐವತ್ತಮೂರು ವರ್ಷದ ಬಲಗಾಲು ಜವುಗಿನ ದಾರಿಯಲ್ಲಿ ಎದುರುಗಾಳಿಗೆ ಪೆಡಲ್ ತುಳಿಯುವುದು ಸುಳ್ಳು. ಕಾರು ಹೋದರೆ ನನ್ನ ಕೆಲಸವೂ ಹೋದಂತೆ. ಲೀಡ್ಸಿನಲ್ಲಿರುವ ತಂಗಿಯ ಮನೆಯ ಮೇಲಿನ ಕೋಣೆ, ಅವಳ ಬೆಕ್ಕು, ಅವಳ ಗಂಡನ ರೇಡಿಯೋ. ಆ ಯೋಚನೆಗೇ ರಾತ್ರಿ ಊಟ ಸೇರಲಿಲ್ಲ.

ಜೂನ್ 27

ಬರೆಯಲು ನಾಚಿಕೆ, ಆದರೂ ಬರೆಯುತ್ತೇನೆ. ಇಂದು ರೋಟರನ್ನು ಬೇಯಿಸಿದೆ.

ರೊಟ್ಟಿ ಮಾಡುವ ಫಿಸ್ಕ್‌ನ ತಾಯಿ ಹಾಸಿಗೆ ಹಿಡಿದು ಎರಡು ವರ್ಷ. ಅವರ ಬೆನ್ನಿನ ಹುಣ್ಣು ತೊಳೆಯಲು ಕತ್ತರಿ, ಚಿಮಟವನ್ನೆಲ್ಲ ಕುದಿಯುವ ನೀರಿಗೆ ಹಾಕಿದೆ. ಏಪ್ರನ್ ಜೇಬಿನಲ್ಲಿದ್ದುದನ್ನೆಲ್ಲ ಒಟ್ಟಿಗೆ ಸುರಿದಿರಬೇಕು. ಹೊರಗೆ ತೆಗೆದರೆ ಚಿಮಟದ ಜೊತೆ ಕರಿ ತುಂಡೂ ಬಂತು. ಒದ್ದೆ ರೋಟರ್ ಹಾಕಿದರೆ ಕಾರು ಹೊರಡುವುದಿಲ್ಲ ಅಂತ ಫಿಸ್ಕ್ ಅದನ್ನು ಬಟ್ಟೆಯಲ್ಲಿ ಒರೆಸಿ, ಆರುತ್ತಿದ್ದ ಒಲೆಯ ಬಾಯಲ್ಲಿ, ಬನ್ನುಗಳ ಪಕ್ಕದಲ್ಲಿಟ್ಟ. "ಬನ್ ಜೊತೆ ಮಾರ್ಬಿಟ್ಟೀಯಪ್ಪ," ಅಂದೆ. "ನಮ್ ಬನ್‌ಗಿಂತ ಮೆತ್ತಗೇನೇ ಐತೆ ಬಿಡಿ," ಅಂತ ಒಳಗಿನಿಂದ ಅವನ ತಾಯಿಯೇ ಕೂಗಿದರು.

ಅದು ಒಣಗುವವರೆಗೆ ಬೇರೆ ದಾರಿಯಿಲ್ಲ, ಕೂತೆ. ಲೋಟ ಕೈಗೆ ಕೊಟ್ಟರು. ಚೆಲ್ಲುವುದು ಹೇಗೆ? ಮುದುಕಿ ಚಿಕ್ಕಂದಿನಲ್ಲಿ ಹೆರ್ರಿಂಗ್ ಮೀನು ಸೀಳುವ ಹೆಂಗಸರ ಜೊತೆ ಯಾರ್ಮತ್ ಬಂದರಿಗೆ ಹೋಗಿದ್ದ ಕತೆ ಹೇಳಿದರು. ಎರಡು ವರ್ಷದಿಂದ ಅವರ ಬೆನ್ನನ್ನಷ್ಟೇ ನೋಡಿದ್ದೆ. ಇದು ಲೆಕ್ಕಕ್ಕಿಲ್ಲ, ಕಾರು ಕೆಟ್ಟಿದ್ದರಿಂದ ಕೂತದ್ದು.

ಜುಲೈ 10

ನಿನ್ನೆಯಿಂದ ಚಹಾಕ್ಕೂ ರೇಷನ್. ಒಬ್ಬರಿಗೆ ವಾರಕ್ಕೆ ಎರಡು ಔನ್ಸ್. ಇನ್ನು ಮೇಲಾದರೂ ಯಾರೂ ಕರೆಯುವುದಿಲ್ಲ, ನಿರಾಳ ಅಂದುಕೊಂಡೆ. ಅಮೋಸಜ್ಜ ಬಿಡಬೇಕಲ್ಲ. ಈಗೀಗ ಮಸಿ ತಾಗದಿರಲೆಂದು ರೋಟರನ್ನು ಬಾಗಿಲಲ್ಲೇ ಅವನ ಕೈಗೆ ಕೊಟ್ಟು ಕೈ ತೊಳೆಯುತ್ತೇನೆ. ಪಟ್ಟಿ ಕಟ್ಟಿ ಎದ್ದು ಕೇಳಿದರೆ ಕೊಡುವುದಿಲ್ಲ.

"ಫಿಸ್ಕ್ ಮನೇಲಿ ಕುಡ್ದ್ಯಂತೆ. ನನ್ ಟೀಗೇನು ವಿಷ ಹಾಕಿವ್ನಾ?"

"ಅಜ್ಜ, ರೇಷನ್ ಕಣೋ. ನಿನಗೇ ಸಾಲಲ್ಲ."

"ನನ್ ರೇಷನ್ನು, ನನ್ ಮನೆ, ನಿನ್ ರೋಟ್ರು ನನ್ ಜೇಬಲ್ಲಿ. ಕೂತ್ಕೋ."

ಮಹಾ ಹಠಮಾರಿ. ಕೂತೆ. ಅವನೂ ಕಾಲನ್ನು ಸ್ಟೂಲಿನ ಮೇಲೆ ಎತ್ತಿಟ್ಟುಕೊಂಡು ಕೂತ. ಅವನಿಗೆ ಹಿಂದೆ ಮದುವೆಯಾಗಿತ್ತಂತೆ. ಹೆಂಡತಿಯ ಹೆಸರು ಸಬೀನಾ. ಹನ್ನೊಂದು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ಹುಣ್ಣಿಗೆ ಪಟ್ಟಿ ಕಟ್ಟಲು ಅದೆಲ್ಲ ಗೊತ್ತಿರಬೇಕಾಗಿಯೂ ಇಲ್ಲ ಅನ್ನಿ.

ಜುಲೈ 22

ಎಲ್ಲರಿಗೂ ಈಗ ರೋಟರ್ ಹಿಡಿದುಕೊಳ್ಳುವ ಹುಚ್ಚು. ಓಲಿವ್ ಕೆರಿಜ್‌ಗೆ ಇದು ಎಂಟನೇ ತಿಂಗಳು. ಗಂಡ ಈಜಿಪ್ಟಿನಲ್ಲಿ ಸಿಪಾಯಿ, ಹಸು, ಹಾಲಿನ ವ್ಯಾನು, ಅತ್ತೆ ಎಲ್ಲ ಅವಳ ತಲೆಯ ಮೇಲೆ. ಅವಳು ರೋಟರನ್ನು ಗಂಡನ ಫೋಟೋದ ಪಕ್ಕದಲ್ಲಿಡುತ್ತಾಳೆ. ನಾನು ಫೋಟೋಗೆ ಬೆನ್ನು ತೋರಿಸಿ ಕೂತರೆ ಗಂಡನ ವಿಷಯ ಮಾತಾಡುತ್ತಾಳೆ, ಎದುರಿಗೆ ಕೂತರೆ ಮಾತಾಡುವುದಿಲ್ಲ. ಅದಕ್ಕೇ ನಾನು ಕಿಟಕಿ ಕಡೆಯ ಕುರ್ಚಿಯಲ್ಲಿ ಕೂರುವುದು.

ಅಮೋಸಜ್ಜನ ಹುಣ್ಣು ಒಂದು ಬದಿಯಲ್ಲಿ ಮಾಯುತ್ತಿದೆ. ಹೊಸ ಮುಲಾಮು ಪರವಾಗಿಲ್ಲ, ಇನ್ನೆರಡು ಡಬ್ಬಿ ತರಿಸಬೇಕು.

ಆಗಸ್ಟ್ 5

ವಿಪರೀತ ಸೆಕೆ. ಓಲಿವ್ ಮನೆಯಲ್ಲಿ ಪ್ಲಮ್ ಪೈ. ಎರಡು ತುಂಡು.

ಆಗಸ್ಟ್ 16, ಶುಕ್ರವಾರ

ಓಲಿವ್‌ಗೆ ಹೆಣ್ಣು ಮಗು. ಇಬ್ಬರೂ ಉಳಿದಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಬೆಳಿಗ್ಗೆ ಮಾಮೂಲಿನಂತೆ ನೋಡಿ ಬರೋಣ ಅಂತ ಹೋದೆ. ಕಾರು ಗೇಟಿನ ಹತ್ತಿರ ತಿರುಗಿಸುವಾಗಲೇ ಅವಳ ಅತ್ತೆ ಕೈಯೆಲ್ಲ ರಕ್ತ ಮಾಡಿಕೊಂಡು ಓಡಿ ಬಂದರು. "ಹೋಗ್ತಾ ಐತೆ ನರ್ಸಮ್ಮ, ಎಲ್ಲ ಹರ್ದು ಹೋಗ್ತಾ ಐತೆ." ಚೀಲ ಎಳೆದುಕೊಂಡು ಓಡಿದೆ. ಮಗು ಆಗಲೇ ಬಂದಿತ್ತು, ಹೆರಿಗೆಯ ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಕಸ ತೆಗೆದು, ಹೊಟ್ಟೆಯ ಮೇಲೆ ಮುಷ್ಟಿ ಒತ್ತಿ ಹಿಡಿದೆ. ಎಷ್ಟು ಹೊತ್ತು ಹಿಡಿದಿದ್ದೆನೋ ಗೊತ್ತಿಲ್ಲ. "ನರ್ಸಮ್ಮ, ನಿದ್ದೆ ಬರ್ತಿದೆ," ಅಂದಳು ಓಲಿವ್. "ಮಲಗಿದ್ರೆ ಕೆನ್ನೆಗೆ ಬಾರಿಸ್ತೀನಿ," ಅಂದೆ. ಆಮೇಲೆ ರಕ್ತ ನಿಂತಿತು.

ಡಾಕ್ಟರನ್ನು ಕರೆತರಲೇಬೇಕು, ಮೈಯಲ್ಲಿ ರಕ್ತವೇ ಉಳಿದಿರಲಿಲ್ಲ ಅವಳಿಗೆ. ಹೊರಗೆ ಬಂದರೆ ಕಾರಿನ ಒಂದು ಕಡೆಯ ಟೈರು ನೆಲ ಕಚ್ಚಿದೆ, ಪಕ್ಕದಲ್ಲಿ ಆಲ್ಡಸ್ ಪೆನ್ಸಿಲ್ ಹಿಡಿದು ನಿಂತಿದ್ದಾನೆ. ರೋಟರ್ ತೆಗೆದಿರಲಿಲ್ಲ ನಾನು. ಹಾಗೆ ಬಿಟ್ಟ ಕಾರಿನ ಗಾಳಿ ಬಿಡಬೇಕೆಂದು ಅವನಿಗೆ ಅಪ್ಪಣೆ. ಅವನಿಗೆ ನಾನು ಏನು ಅಂದೆನೋ ಇಲ್ಲಿ ಬರೆಯುವುದಿಲ್ಲ, ತವರು ಯಾರ್ಕ್‌ಶೈರಿನ ಬೈಗುಳ ಬೇಕಾದಷ್ಟಿದೆ ನನ್ನಲ್ಲಿ. ನನ್ನ ಏಪ್ರನ್ ನೋಡಿ ಅವನ ಮುಖ ಬಿಳುಚಿಕೊಂಡಿತು. ಪಂಪು ತೆಗೆದು ಮೈ ಮುರಿದು ಗಾಳಿ ಹೊಡೆದ. ಹೆಲ್ಮೆಟ್ ಉದುರಿ ಚರಂಡಿಗೆ ಬಿತ್ತು, ಎತ್ತಿಕೊಳ್ಳಲೂ ಇಲ್ಲ. ಡಾಕ್ಟರು ಸಮಯಕ್ಕೆ ಸರಿಯಾಗಿ ಬಂದರು.

ಸಂಜೆ ಆಲ್ಡಸ್ ಮನೆಗೆ ಬಂದ. "ಬರೆದದ್ದು ಬರೆದಾಗಿತ್ತು ನರ್ಸಮ್ಮ. ಪುಸ್ತಕದ ಹಾಳೆ ಹರಿಯೋಕಾಗಲ್ಲ, ನಂಬರ್ ಇರುತ್ತೆ. ಎರಡನೇದು ಇದು." ಅಷ್ಟು ಹೇಳಿ ಹೆಲ್ಮೆಟ್ಟಿನ ಕೆಸರನ್ನು ಉಗುರಿನಿಂದ ಕೆರೆಯುತ್ತಾ ನಿಂತಿದ್ದ. ಪಾಪ ಅನ್ನಿಸಿತು. ಅನ್ನಿಸಬಾರದಿತ್ತು.

ಆಗಸ್ಟ್ 20

ಇಪ್ಪತ್ತೊಂಬತ್ತಕ್ಕೆ ಸಂಘದ ಸಭೆ. ಇಂದು ಷೆಡ್ಡಿನಿಂದ ಸೈಕಲ್ ತೆಗೆದು ಸೇತುವೆಯವರೆಗೆ ಹೋದೆ. ಇಳಿದು, ತಳ್ಳಿಕೊಂಡು ವಾಪಸು ಬಂದೆ. ಮೊಣಕಾಲು ಕುಂಬಳಕಾಯಿಯಾಗಿದೆ.

ಶುಕ್ರವಾರ ಸೈಕಲ್ಲಿನಲ್ಲಿ ಹೋಗಿದ್ದರೆ ಓಲಿವ್ ಉಳಿಯುತ್ತಿರಲಿಲ್ಲ. ಅದೊಂದೇ ತಲೆಯಲ್ಲಿ ತಿರುಗುತ್ತಿದೆ. ನನಗೆ ಭಯವಾಗಿದೆ. ತಂಗಿಗೆ ಬರೆಯಲು ಕೂತೆ, ಎರಡು ಸಾಲಾದ ಮೇಲೆ ಬಿಟ್ಟು ಅಮೋಸಜ್ಜನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಇಂದು ಪಟ್ಟಿ ಕಟ್ಟುವ ದಿನವಲ್ಲ, ಆದರೆ ಆ ಕಡೆ ಹೇಗೂ ಹೋಗಬೇಕಿತ್ತು.

ಆಗಸ್ಟ್ 29, ಗುರುವಾರ

ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಚರ್ಚಿನ ಪಕ್ಕದ ಸಭಾ ಕೋಣೆ. ಹಸಿರು ಬಟ್ಟೆ ಹಾಸಿದ ಮೇಜು. ಮಧ್ಯದಲ್ಲಿ ಮಿಸೆಸ್ ವೆನಬಲ್ಸ್, ಅಕ್ಕಪಕ್ಕ ಸಮಿತಿಯ ಇಬ್ಬರು ಹೆಂಗಸರು, ಗೋಡೆಗೆ ಒರಗಿ ಆಲ್ಡಸ್. ನಾನು ನಿಂತೇ ಇದ್ದೆ. ಆಲ್ಡಸ್ ತಾನು ಕಂಡದ್ದನ್ನು ನೆಲ ನೋಡುತ್ತಾ ಓದಿದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮೋಸಜ್ಜ. ಕೋಲೂರಿಕೊಂಡು ಒಂದು ಮೈಲಿ ನಡೆದು ಬಂದಿದ್ದಾನೆ. ನೇರ ಮೇಜಿಗೆ ಬಂದು ಜೇಬಿನಿಂದ ರೋಟರ್ ತೆಗೆದು ಹಸಿರು ಬಟ್ಟೆಯ ಮೇಲಿಟ್ಟ.

"ನರ್ಸಮ್ಮಂದು. ಅವತ್ತು ಶುಕ್ರವಾರ ನನ್ ಕೈಲೇ ಕೊಟ್ಟಿದ್ರು, ಇಲ್ಲೀಗಂಟ ನನ್ ತಾವೇ ಐತೆ. ಕಾರಲ್ಲಿ ಇತ್ತು ಅನ್ನೋದು ಸುಳ್ಳು."

"ನಾನು ಕಣ್ಣಾರೆ ನೋಡಿದ್ದೀನಿ ಅಜ್ಜ," ಅಂದ ಆಲ್ಡಸ್.

"ಕಣ್ ತೋರ್ಸಪ್ಪ ಡಾಕ್ಟ್ರಿಗೆ."

ಮಿಸೆಸ್ ವೆನಬಲ್ಸ್ ಬಾಯಿ ತೆರೆಯುವಷ್ಟರಲ್ಲಿ ಫಿಸ್ಕ್ ಬಂದ, ಮೈಯೆಲ್ಲ ಹಿಟ್ಟು. ಟೋಪಿ ತೆಗೆದು, ಮೇಜಿನ ಕಡೆ ಸರಿಯಾಗಿ ನೋಡದೆಯೇ, "ಅಮ್ಮಾವ್ರೆ, ಅವತ್ತು ನರ್ಸಮ್ಮ ಇದನ್ನ ನಮ್ಮಮ್ಮನ ಕೈಲಿ ಕೊಟ್ಟು ಹೋಗಿದ್ರು," ಅಂತ ಇನ್ನೊಂದು ರೋಟರ್ ಇಟ್ಟ. ಇಟ್ಟ ಮೇಲೆ ಮೊದಲನೆಯದು ಕಂಡಿತು. ಕಿವಿ ಕೆಂಪಾಯಿತು.

ಆಮೇಲೆ ಓಲಿವ್. ಮಗುವನ್ನು ಎತ್ತಿಕೊಂಡು, ಅತ್ತೆಯ ತೋಳು ಹಿಡಿದುಕೊಂಡು, ತಾನೇ ಹಾಲಿನ ವ್ಯಾನು ನಡೆಸಿಕೊಂಡು ಬಂದಿದ್ದಾಳೆ. ಮೂರು ವಾರ ಹಾಸಿಗೆಯಿಂದ ಕಾಲು ಕೆಳಗಿಡಬೇಡ ಅಂತ ಬಾರಿ ಬಾರಿ ಹೇಳಿದ್ದೆ. ಸಭೆಯ ಮಧ್ಯದಲ್ಲೇ ಬೈದೆ. "ಆಮೇಲೆ ಬೈಯ್ರಿ ನರ್ಸಮ್ಮ," ಅಂದು ಮಗುವಿನ ಶಾಲಿನೊಳಗಿನಿಂದ ಮೂರನೆಯದನ್ನು ತೆಗೆದಳು. "ನರ್ಸಮ್ಮ ಗೇಟಲ್ಲೇ ನಮ್ಮತ್ತೆ ಕೈಗೆ ಕೊಟ್ರು. ಫೋಟೋ ಪಕ್ಕದಲ್ಲೇ ಇತ್ತು." ಅತ್ತೆ ಜೋರಾಗಿ ತಲೆಯಾಡಿಸಿದರು.

ಮಿಸೆಸ್ ವೆನಬಲ್ಸ್ ಮೂರನ್ನೂ ಸಾಲಾಗಿ ಜೋಡಿಸಿದರು. "ಕಾನ್‌ಸ್ಟೇಬಲ್, ಒಂದು ಕಾರಿಗೆ ಎಷ್ಟು ರೋಟರ್ ಇರುತ್ತೆ?"

"ಒಂದೇ, ಮೇಡಮ್."

"ನರ್ಸಮ್ಮ ಹುಷಾರು ಹೆಂಗ್ಸು," ಅಂದ ಅಮೋಸಜ್ಜ. "ಮೂರು ಇಟ್ಕಂಡಿರ್ತಾರೆ."

ಸುಳ್ಳು ಹೇಳಲು ಬಾರದ ಜನ, ಒಬ್ಬರಿಗೊಬ್ಬರು ತಿಳಿಸದೆ ಒಂದೇ ಸುಳ್ಳು ಹೊತ್ತುಕೊಂಡು ಬಂದಿದ್ದಾರೆ. ಆದರೆ ಆ ಸುಳ್ಳಿನ ಹಿಂದೆ ನಾನು ಅಡಗಿಕೊಳ್ಳಲಾರೆ. ಹೇಳಿಬಿಟ್ಟೆ. "ಇವು ಮೂರೂ ನನ್ನವಲ್ಲ. ನಂದು ಅವತ್ತು ಕಾರಲ್ಲೇ ಇತ್ತು. ಕಾನ್‌ಸ್ಟೇಬಲ್ ಹೇಳಿದ್ದು ನಿಜ. ನಾಳೆ ಅದೇ ಗೇಟಲ್ಲಿ ಅದೇ ಕೂಗು ಕೇಳಿದ್ರೆ ನಾಳೇನೂ ತೆಗೆಯೋದಿಲ್ಲ."

ಮಿಸೆಸ್ ವೆನಬಲ್ಸ್ ಮೂರನ್ನೂ ಮೇಜಿನ ಬದಿಗೆ ಸರಿಸಿದರು. ಅವರು ಕೆಟ್ಟವರಲ್ಲ, ಕಟ್ಟುನಿಟ್ಟು ಅಷ್ಟೇ. ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದ್ದು, ಆದರೆ ಎಚ್ಚರಿಕೆ ಕೊಟ್ಟಾಗಿತ್ತು, ಒಬ್ಬರಿಗೊಂದು ನಿಯಮ ಇನ್ನೊಬ್ಬರಿಗೊಂದು ನಿಯಮ ಮಾಡಲಾಗದು, ಸೋಮವಾರದಿಂದ ಕಾರು ಪಟ್ಟಣಕ್ಕೆ, ಅಂದರು. ಓಲಿವ್ ಅಳತೊಡಗಿದಳು. ಅವರು ಕೈಗವಸು ಹಾಕಿಕೊಂಡು ಹೊರಟುಹೋದರು.

ಹೊರಗೆ ಅವರ ಕಾರಿನ ಸ್ಟಾರ್ಟರ್ ಗೊರಗೊರ ಅಂದಿತು. ಮತ್ತೆ ಅಂದಿತು. ಹೊರಡಲಿಲ್ಲ. ಮಿಸೆಸ್ ವೆನಬಲ್ಸ್ ವಾಪಸು ಬಂದು, "ಕಾನ್‌ಸ್ಟೇಬಲ್, ಸ್ವಲ್ಪ ನೋಡಿ," ಅಂದರು.

ಆಲ್ಡಸ್ ಹೊರಗೆ ಹೋಗಲಿಲ್ಲ. ಮೇಜಿನ ಮೇಲಿದ್ದ ಮೂರನ್ನೂ ನೋಡುತ್ತಾ ನಿಂತ. ಒಂದು ಫಿಸ್ಕ್‌ನ ರೊಟ್ಟಿ ವ್ಯಾನಿನದು. ಒಂದು ಓಲಿವ್‌ಳ ಹಾಲಿನ ವ್ಯಾನಿನದು, ಬಾಗಿಲಲ್ಲೇ ಕಿತ್ತು ತಂದದ್ದು. ಅಮೋಸಜ್ಜನಿಗೆ ಕಾರು ಹಾಗಿರಲಿ, ಕೈಗಾಡಿಯೂ ಇಲ್ಲ.

"ಅಜ್ಜ, ನಿಂಗೆಲ್ಲಿ ಸಿಕ್ತು?"

"ಎಲ್ಲಿ ಅಂದ್ರೆ? ಬಾಗ್ಲಲ್ಲಿ ದೊಡ್ ಕಾರು ನಿಂತಿತ್ತು. ಬಾನೆಟ್ ಎತ್ತಿದೆ. ಎಲ್ರೂ ತೆಗ್ದು ಜೇಬ್ಗೆ ಹಾಕ್ಕತಾರಲ್ಲ, ಇರಾಕಿಲ್ಲ ಅನ್ಕಂಡಿದ್ದೆ. ಇತ್ತು."

ಆಲ್ಡಸ್ ನಿಧಾನವಾಗಿ ಪುಸ್ತಕ ತೆಗೆದ, ಪೆನ್ಸಿಲ್ ನಾಲಿಗೆಗೆ ತಾಗಿಸಿದ. ವೆನಬಲ್ಸ್ ಅವರ ಗಂಡ ಜಿಲ್ಲೆಯ ಮ್ಯಾಜಿಸ್ಟ್ರೇಟರು.

"ಮೇಡಮ್, ತಮ್ಮ ಕಾರು ಎಷ್ಟು ಹೊತ್ತಿನಿಂದ ಹೊರಗೆ ನಿಂತಿದೆ?"

ಮಿಸೆಸ್ ವೆನಬಲ್ಸ್ ಕೆಂಪಾದರು, ಬೆಳ್ಳಗಾದರು, ಕುರ್ಚಿ ಎಳೆದು ಕೂತರು. "ತಡವಾಗಿತ್ತು," ಅಂದರು. "ನನಗೆ ತಡವಾಗಿತ್ತು, ಓಡಿ ಬಂದೆ." ಹೇಳಿದ ಮಾತು ಆಗ ತಮಗೇ ಕೇಳಿಸಿತು. ನಾನು ಓಡಿದ್ದು ಯಾಕೆ ಅನ್ನುವುದು ಓಲಿವ್‌ಳ ಮಡಿಲಲ್ಲಿ ಕೈಕಾಲು ಆಡಿಸುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

"ಬರ್ಕೊಳ್ಳಿ ಕಾನ್‌ಸ್ಟೇಬಲ್," ಅಂದರು ಕಡೆಗೆ. "ಪೂರ್ತಿ ಹೆಸರು ಬರೀರಿ. ನರ್ಸ್ ಕಾರು ಎಲ್ಲಿಗೂ ಹೋಗೋದಿಲ್ಲ, ಅದನ್ನೂ ಬರೀರಿ." ಆಮೇಲೆ ಸಮಿತಿಯ ಕಡೆ ತಿರುಗಿ, ನರ್ಸ್ ಬಂದಾಗ ಆ ಮನೆಯವರೇ ಗೇಟಿಗೆ ಬಂದು ರೋಟರ್ ತೆಗೆದುಕೊಂಡು ಹೋಗಬೇಕು, ನರ್ಸ್ ನೇರ ಒಳಗೆ ಹೋಗಬೇಕು ಅಂತ ನಿಯಮ ಮಾಡಿಬಿಟ್ಟರು. ಹೆಂಗಸಿಗೆ ನಿಯಮ ಮಾಡುವುದು ಗೊತ್ತು, ಒಪ್ಪಲೇಬೇಕು.

ಹೊರಗೆ ಇನ್ನೊಂದು ಗಂಟೆ ಗಲಾಟೆ. ಮೂರು ರೋಟರ್ ಕಲೆತುಹೋಗಿ ಯಾವುದು ಯಾರದು ಅಂತ ತಿಳಿಯದೆ ಒಂದೊಂದನ್ನೂ ಒಂದೊಂದಕ್ಕೆ ಹಾಕಿ ನೋಡಬೇಕಾಯಿತು. ಮಿಸೆಸ್ ವೆನಬಲ್ಸ್ ಕೈಗವಸು ಕಳಚಿ ತಾವೇ ಕ್ಲಿಪ್ ಬಿಚ್ಚಿದರು. ಅಮೋಸಜ್ಜ ಎಲ್ಲರಿಗೂ ಬುದ್ಧಿ ಹೇಳುತ್ತಾ ನಿಂತಿದ್ದ, ಕಾಲುನೋವಿನ ನೆನಪೇ ಇಲ್ಲದವನಂತೆ. ಹುಣ್ಣು ಪೂರ್ತಿ ಮುಚ್ಚಿದೆ. ಆ ಮುಲಾಮಿನ ವಿಷಯ ಡಾಕ್ಟರಿಗೆ ಹೇಳಬೇಕು.

ಸೆಪ್ಟೆಂಬರ್ 10, ಮಂಗಳವಾರ

ಹೊಸ ನಿಯಮ ಚೆನ್ನಾಗಿಯೇ ನಡೆಯುತ್ತಿದೆ. ಪ್ರತಿ ಗೇಟಿನಲ್ಲೂ ಯಾರಾದರೊಬ್ಬರು ಅಂಗೈ ಚಾಚಿ ನಿಂತಿರುತ್ತಾರೆ. ನಾನು ಇಳಿಯುವಷ್ಟರಲ್ಲಿ ಕಿತ್ತುಕೊಂಡು ಒಳಗೆ ಹೋಗಿರುತ್ತಾರೆ. ನನ್ನ ಕೈಗೆ ಮಸಿ ತಾಗುವುದೇ ಇಲ್ಲ.

ಆದರೆ ಒಂದು ಅರ್ಥವಾಗುತ್ತಿಲ್ಲ. ಮಧ್ಯಾಹ್ನಕ್ಕೆ ಮುಗಿಯುತ್ತಿದ್ದ ಸುತ್ತು ಈಗ ಸಂಜೆಯಾದರೂ ಮುಗಿಯುವುದಿಲ್ಲ. ಮನೆಗಳು ಹೆಚ್ಚಾಗಿಲ್ಲ, ದಾರಿ ಉದ್ದವಾಗಿಲ್ಲ. ಕಾರು ನಿಧಾನವಾಗಿರಬೇಕು. ಮೆಕ್ಯಾನಿಕ್‌ಗೆ ತೋರಿಸಬೇಕು.

ಇಂದು ಚರ್ಚಿನ ತಿರುವಿನಲ್ಲಿ ಆಲ್ಡಸ್‌ನ ಹೆಂಡತಿ ಗೇಟಿನಲ್ಲಿ ಕೈ ಚಾಚಿ ನಿಂತಿದ್ದಳು. ನಿಲ್ಲಿಸಿದೆ, ರೋಟರ್ ತೆಗೆದುಕೊಂಡು ಹೋದಳು. ಒಳಗೆ ಆಲೂಗಡ್ಡೆ ಕೇಕು, ಚಹಾ. ಆಲ್ಡಸ್ ಹೆಲ್ಮೆಟ್ ಇಲ್ಲದೆ ಕೂತಿದ್ದ, ಅವನಿಗೆ ಇಷ್ಟು ಬೇಗ ಕೂದಲು ಉದುರಿದೆ ಅಂತ ನನಗೆ ಗೊತ್ತಿರಲಿಲ್ಲ. ನೌಕಾಪಡೆಯಲ್ಲಿರುವ ಅಣ್ಣನ ವಿಷಯ ಹೇಳಿದ. ಕೇಕು ತಿಂದಾಯಿತು. ಕೈ ತೊಳೆದುಕೊಂಡು, ಚೀಲ ತೆರೆದು, "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. "ಎಲ್ರೂ ಚೆನ್ನಾಗೇ ಇದೀವಲ್ಲ ನರ್ಸಮ್ಮ," ಅಂದಳು ಅವಳು.

ಚೀಲ ಮುಚ್ಚಿದೆ. ಇನ್ನೊಂದು ಲೋಟ ಬಗ್ಗಿಸಿದಳು, ಕುಡಿದುಕೊಂಡು ಬಂದೆ.